ಕಣ್ಣೀರು ಬಂದರೆ ಸಾಕೇ? – ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಚಿತ್ರದ ಬಗ್ಗೆ ಒಂದಿಷ್ಟು ವಿಚಾರ

ಯುದ್ಧದ ಚಿತ್ರ ಎಂದರೆ ನಮ್ಮಲ್ಲಿ ಬಹಳ ಮಂದಿಗೆ ಮೊದಲು ನೆನಪಾಗುವುದು ‘ಮುತ್ತಿನ ಹಾರ’. 1990ರಲ್ಲಿ ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ ಆ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ದಾದಿ. ಸಂಘದ ಕಾರ್ಯಕ್ರಮಗಳಲ್ಲಿ ಯಾರಾದರೂ ಅದರ ಹಾಡು ಎತ್ತಿಕೊಂಡರೆ ಪಕ್ಕದವರ ಜೊತೆ ಮಾತಾಡುತ್ತಿದ್ದವರೂ ಸುಮ್ಮನಾಗುತ್ತಾರೆ. ಆ ಚಿತ್ರ ನೋಡಿ ಅತ್ತವರಿಗೆ ತಾವು ಯಾರಿಗಾಗಿ ಅಳುತ್ತಿದ್ದೇವೆ ಎಂಬ ಬಗ್ಗೆ ಅನುಮಾನ ಇರಲಿಲ್ಲ. ಸೈನಿಕ ನಮ್ಮವನು, ಹೆಂಡತಿ ನಮ್ಮವಳು, ಗಡಿಯೂ ನಮ್ಮದು. ಆ ಅಳುವಿನಲ್ಲಿ ಒಂದು ಬಗೆಯ ಹೆಮ್ಮೆಯೂ ಇತ್ತು.

ನಾನು ಈ ಸಲ ಬರೆಯುತ್ತಿರುವ ಚಿತ್ರದಲ್ಲಿ ಅಂಥ ಅನುಕೂಲ ಇಲ್ಲ. ಅದರಲ್ಲಿ ಸಾಯುವವರು ನಮ್ಮವರಲ್ಲ. ಅದನ್ನು ತೆಗೆದವರು ಬ್ರಿಟಿಷರು, ಕಥೆ ಹೇಳುವವನು ಅಮೆರಿಕದ ಪತ್ರಕರ್ತ, ಚಿತ್ರೀಕರಣ ನಡೆದದ್ದು ಥಾಯ್ಲೆಂಡಿನಲ್ಲಿ, ನೋವು ಮಾತ್ರ ಕಾಂಬೋಡಿಯದ್ದು. 1984ರಲ್ಲಿ ಬಿಡುಗಡೆಯಾದ ‘ದಿ ಕಿಲ್ಲಿಂಗ್ ಫೀಲ್ಡ್ಸ್’ ಅದರ ಹೆಸರು. ನಿರ್ದೇಶಕ ರೋಲಂಡ್ ಜೋಫೆ, ನಿರ್ಮಾಪಕ ಡೇವಿಡ್ ಪಟ್ನಮ್. ಇಂಥ ಚಿತ್ರ ನೋಡುವವರ ಮೇಲೆ ನಿಜವಾಗಿ ಏನು ಪರಿಣಾಮ ಮಾಡುತ್ತದೆ, ಏನು ಮಾಡಬೇಕು ಎಂಬುದೇ ನನ್ನ ಪ್ರಶ್ನೆ. ವೈದ್ಯನಾದ್ದರಿಂದ ನನ್ನ ದೃಷ್ಟಿ ಸ್ವಲ್ಪ ಆ ಕಡೆ ವಾಲಿದರೆ ಓದುಗರು ಸಹಿಸಿಕೊಳ್ಳಬೇಕು.

ಚಿತ್ರ ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಸಿಡ್ನಿ ಶಾನ್‌ಬರ್ಗ್ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಾರ. 1973ರ ಆಗಸ್ಟ್‌ನಲ್ಲಿ ಅಮೆರಿಕದ ಬಿ-52 ವಿಮಾನವೊಂದು ಗುರಿ ತಪ್ಪಿ ನೆಯಾಕ್ ಲುಅಂಗ್ ಎಂಬ ಊರಿನ ಮೇಲೇ ಬಾಂಬು ಸುರಿಸುತ್ತದೆ. ಅದನ್ನು ವರದಿ ಮಾಡಲು ಹೋಗುವ ಶಾನ್‌ಬರ್ಗ್‌ಗೆ ದಾರಿ, ಭಾಷೆ, ಜನ ಎಲ್ಲವೂ ಡಿತ್ ಪ್ರಾನ್ ಎಂಬ ಸ್ಥಳೀಯ ಸಹಾಯಕ. 1975ರ ಏಪ್ರಿಲ್‌ನಲ್ಲಿ ಅಮೆರಿಕನ್ನರು ರಾಜಧಾನಿ ನಾಮ್ ಪೆನ್ ಬಿಟ್ಟು ಹೊರಡುವಾಗ ಪ್ರಾನ್ ತನ್ನ ಹೆಂಡತಿ ಮಕ್ಕಳನ್ನು ಹೆಲಿಕಾಪ್ಟರ್ ಹತ್ತಿಸಿ, ತಾನು ಶಾನ್‌ಬರ್ಗ್ ಜೊತೆ ಉಳಿಯುತ್ತಾನೆ. ಏಪ್ರಿಲ್ 17ರಂದು ಖ್ಮೇರ್ ರೂಜ್ ಸೈನಿಕರು ನಗರಕ್ಕೆ ನುಗ್ಗುತ್ತಾರೆ. ವಿದೇಶಿ ಪತ್ರಕರ್ತರು ಫ್ರೆಂಚ್ ರಾಯಭಾರ ಕಚೇರಿಯಲ್ಲಿ ಆಶ್ರಯ ಪಡೆಯುತ್ತಾರೆ. ಪ್ರಾನ್‌ಗೊಂದು ಸುಳ್ಳು ಪಾಸ್‌ಪೋರ್ಟ್ ಮಾಡಿಕೊಡಲು ಗೆಳೆಯರು ಪಡುವ ಪಾಡು ಚಿತ್ರದ ಅತ್ಯುತ್ತಮ ಭಾಗಗಳಲ್ಲೊಂದು. ಸರಿಯಾದ ರಾಸಾಯನಿಕಗಳಿಲ್ಲದೆ ಫೋಟೋ ತೊಳೆಯುತ್ತಾರೆ. ಮುಖ ಮೂಡುತ್ತದೆ, ಆದರೆ ಕಾಗದದ ಮೇಲೆ ನಿಲ್ಲುವುದಿಲ್ಲ. ಪ್ರಾನ್ ಗೇಟಿನಿಂದ ಹೊರಗೆ ಹೋಗಬೇಕಾಗುತ್ತದೆ. ಅಲ್ಲಿಂದ ಮುಂದೆ ಅವನು ಗದ್ದೆಗಳಲ್ಲಿ ಜೀತ ಮಾಡುವವನು, ಶಾನ್‌ಬರ್ಗ್ ನ್ಯೂಯಾರ್ಕಿನಲ್ಲಿ ಪ್ರಶಸ್ತಿ ಪಡೆಯುವವನು. 1979ರ ಅಕ್ಟೋಬರ್‌ನಲ್ಲಿ ಪ್ರಾನ್ ಥಾಯ್ ಗಡಿ ಸೇರಿದ. ಇದು ನಡೆದ ಕಥೆ. 1980ರಲ್ಲಿ ಶಾನ್‌ಬರ್ಗ್ ತಮ್ಮ ಪತ್ರಿಕೆಯಲ್ಲಿ ಬರೆದ ದೀರ್ಘ ಲೇಖನವೇ ಚಿತ್ರಕ್ಕೆ ಆಧಾರ.

ಈ ಚಿತ್ರದಲ್ಲಿ ನನಗೆ ಮೊದಲು ಹಿಡಿಸಿದ್ದು ಅದು ನಮಗೆ ಹೇಳದೆ ಬಿಡುವ ಸಂಗತಿ. ಕಾಂಬೋಡಿಯದವರು ಖ್ಮೇರ್ ಭಾಷೆಯಲ್ಲಿ ಆಡುವ ಎಷ್ಟೋ ಮಾತುಗಳಿಗೆ ಪರದೆಯ ಕೆಳಗೆ ಅನುವಾದ ಕೊಟ್ಟಿಲ್ಲ. ಪತ್ರಕರ್ತರನ್ನು ಸೈನಿಕರು ಹಿಡಿದು ಕೊಲ್ಲಲು ಸಿದ್ಧರಾದಾಗ, ತಪ್ಪಿಸಿಕೊಳ್ಳುವ ಅವಕಾಶವಿದ್ದ ಪ್ರಾನ್ ತಾನಾಗಿಯೇ ಅವರ ಜೊತೆ ಹೋಗಿ, ಗಂಟೆಗಟ್ಟಲೆ ಅಂಗಲಾಚಿ ಅವರನ್ನು ಬಿಡಿಸುತ್ತಾನೆ. ಅವನು ಏನು ಹೇಳಿ ಬೇಡಿಕೊಂಡ ಎಂಬುದು ನಮಗೆ ಗೊತ್ತಾಗುವುದಿಲ್ಲ. ಜೋಡಿಸಿದ ಕೈಗಳು ಕಾಣುತ್ತವೆ. ಅವು ನಮ್ಮ ನಮಸ್ಕಾರದ ಕೈಗಳೇ. ಧ್ವನಿಯ ಏರಿಳಿತ ಕೇಳುತ್ತದೆ, ಸೈನಿಕನ ಮುಖದ ಜಡತನ ಕಾಣುತ್ತದೆ. ಒಂದು ಪದವೂ ಅರ್ಥವಾಗದೆ ಪ್ರಾಣಕ್ಕಾಗಿ ಕಾಯುವ ಸ್ಥಿತಿ ಹೇಗಿರುತ್ತದೆ ಎಂಬುದು ಅಷ್ಟು ಹೊತ್ತು ನಮ್ಮ ಅನುಭವವೇ ಆಗುತ್ತದೆ. ಅನುವಾದ ಕೊಟ್ಟಿದ್ದರೆ ನಾವು ಓದುತ್ತ ಕೂರುತ್ತಿದ್ದೆವು. ಕೊಡದಿದ್ದರಿಂದ ನೋಡಲೇಬೇಕಾಯಿತು.

ಎರಡನೆಯದು ಪ್ರಾನ್ ಪಾತ್ರ ಮಾಡಿದ ಹೈಂಗ್ ಎಸ್. ನೋರ್. ಇವರು ನಟರಲ್ಲ. ನಾಮ್ ಪೆನ್ ನಗರದಲ್ಲಿ ಸ್ತ್ರೀರೋಗ ಮತ್ತು ಹೆರಿಗೆಯ ವೈದ್ಯರಾಗಿದ್ದವರು. ಪ್ರಾನ್ ಅನುಭವಿಸಿದ ನಾಲ್ಕು ವರ್ಷಗಳನ್ನು ಇವರೂ ಅದೇ ನೆಲದಲ್ಲಿ ಅನುಭವಿಸಿದರು. ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಓದು ಬಲ್ಲವನೆಂದು ಗೊತ್ತಾಗುವುದೇ ಸಾವಿಗೆ ಸಾಕಾದ ಕಾರಣವಾಗಿತ್ತು. ಆದ್ದರಿಂದ ಡಾ. ನೋರ್ ತಾವು ಟ್ಯಾಕ್ಸಿ ಓಡಿಸುತ್ತಿದ್ದವರೆಂದು ಹೇಳಿಕೊಂಡರು. ನಗರ ಬಿದ್ದ ದಿನ ಅವರು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿದ್ದರು. ಬಂದೂಕು ಹಿಡಿದು ಬಂದವರು ಡಾಕ್ಟರು ಯಾರು ಎಂದು ಕೇಳಿದಾಗ, ಡಾಕ್ಟರು ಆಗಲೇ ಹೊರಟುಹೋದರು ಎಂದು ಹೇಳಿ, ಮೇಜಿನ ಮೇಲಿದ್ದ ರೋಗಿಯನ್ನು ಹಾಗೇ ಬಿಟ್ಟು ಓಡಬೇಕಾಯಿತು. ತಮ್ಮ ಆತ್ಮಕಥೆಯಲ್ಲಿ ಅವರೇ ಇದನ್ನು ಬರೆದುಕೊಂಡಿದ್ದಾರೆ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1978ರಲ್ಲಿ. ಅನ್ನವಿಲ್ಲದೆ ಸೊರಗಿದ್ದ ಅವರ ಪತ್ನಿ ಹೆರಿಗೆಯಲ್ಲಿ ತೀರಿಕೊಂಡರು. ಸಿಸೇರಿಯನ್ ಮಾಡಿದ್ದರೆ ಬದುಕಬಹುದಿತ್ತು. ಅದನ್ನು ಮಾಡಬಲ್ಲ ಕೈ ಪಕ್ಕದಲ್ಲೇ ಇತ್ತು. ಸಲಕರಣೆ ಇರಲಿಲ್ಲ. ಜೊತೆಗೆ ವೈದ್ಯನೆಂದು ತೋರಿಸಿಕೊಂಡರೆ ಎಲ್ಲರ ಸಾವೂ ನಿಶ್ಚಿತವಾಗಿತ್ತು.

ನಮ್ಮ ಸಂಘದಲ್ಲಿ ವೈದ್ಯರಿಗೇನೂ ಕೊರತೆಯಿಲ್ಲ. ಒಮ್ಮೆ ಎಂ.ಬಿ.ಬಿ.ಎಸ್. ಮುಗಿಸಿ, ಈ ದೇಶಕ್ಕೆ ಬಂದು ಮತ್ತೆ ಪರೀಕ್ಷೆ ಬರೆದು, ಮತ್ತೆ ರೆಸಿಡೆನ್ಸಿ ಮಾಡಿ, ಕಲಿತದ್ದನ್ನೇ ಕಲಿತವರು ನಾವು. ಅದನ್ನೇ ದೊಡ್ಡ ಕಷ್ಟವೆಂದು ಪಾರ್ಟಿಗಳಲ್ಲಿ ಹೇಳಿಕೊಳ್ಳುವುದೂ ಉಂಟು. ಕಲಿತ ವಿದ್ಯೆಯನ್ನು ಮತ್ತೊಮ್ಮೆ ಸಾಬೀತು ಮಾಡಬೇಕಾದ ಕಷ್ಟ ನಮ್ಮದು. ಅದನ್ನು ಹೆಂಡತಿಯ ಪ್ರಾಣ ಹೋಗುವಾಗಲೂ ಬಚ್ಚಿಡಬೇಕಾದ ಕಷ್ಟ ಅವರದು. 1980ರಲ್ಲಿ ಅಮೆರಿಕಕ್ಕೆ ಬಂದ ಮೇಲೆ ಡಾ. ನೋರ್ ಮತ್ತೆ ವೈದ್ಯವೃತ್ತಿಗೆ ಹೋಗಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ ನಿರಾಶ್ರಿತರಿಗೆ ಕೆಲಸ ಹುಡುಕಿಕೊಡುವ ಕೆಲಸ ಮಾಡುತ್ತಿದ್ದಾಗ, ಒಂದು ಕಾಂಬೋಡಿಯನ್ ಮದುವೆಯಲ್ಲಿ ಚಿತ್ರತಂಡದವರ ಕಣ್ಣಿಗೆ ಬಿದ್ದರು.

ಈ ವಿವರಗಳು ಚಿತ್ರದಲ್ಲಿ ಎಲ್ಲೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಅವು ಆ ಮುಖದಲ್ಲಿವೆ. ಶಿಬಿರದ ದೃಶ್ಯಗಳಲ್ಲಿ ಅವರು ಅಳುವುದಕ್ಕಿಂತ ಅಡಗಿಸುವುದೇ ಹೆಚ್ಚು. ಫ್ರೆಂಚ್ ಗೊತ್ತಿದ್ದೂ ಗೊತ್ತಿಲ್ಲದವನಂತೆ ನಿಲ್ಲುವ, ಭಯವಿದ್ದೂ ಇಲ್ಲದವನಂತೆ ಬಗ್ಗಿ ಮಣ್ಣು ಅಗೆಯುವ ಆ ಶಾಂತಿಯನ್ನು ಯಾವ ನಟನಾ ಶಾಲೆಯೂ ಕಲಿಸಲಾರದು. ಹೊಟ್ಟೆನೋವಿನ ರೋಗಿಯನ್ನು ಮುಟ್ಟಿ ನೋಡುವಾಗ ನಾವು ಹೊಟ್ಟೆಯ ಮೇಲೆ ಕೈಯಿಟ್ಟು ಮುಖವನ್ನು ನೋಡುತ್ತೇವೆ. ಬಾಯಿ ಇಲ್ಲ ಎಂದರೂ ಮುಖ ಹೌದು ಎನ್ನುತ್ತದೆ. ಈ ಚಿತ್ರವನ್ನೂ ಹಾಗೆಯೇ ನೋಡಬೇಕು.

ಪ್ರಶಸ್ತಿಗಳ ವಿಷಯದಲ್ಲಿ ಒಂದು ಸಣ್ಣ ವಿಚಿತ್ರವಿದೆ. 1985ರಲ್ಲಿ ಹಾಲಿವುಡ್ ಡಾ. ನೋರ್ ಅವರಿಗೆ ಆಸ್ಕರ್ ಕೊಟ್ಟಿತು, ಆದರೆ ‘ಪೋಷಕ ನಟ’ ಎಂದು. ನಾಯಕನ ಸ್ಥಾನದಲ್ಲಿ ನಾಮಕರಣವಾದದ್ದು ಶಾನ್‌ಬರ್ಗ್ ಪಾತ್ರ ಮಾಡಿದ ಸ್ಯಾಮ್ ವಾಟರ್‌ಸ್ಟನ್ ಹೆಸರು. ಬ್ರಿಟನ್ನಿನ ಅಕಾಡೆಮಿ ಮಾತ್ರ ಅದೇ ಅಭಿನಯಕ್ಕಾಗಿ ಡಾ. ನೋರ್ ಅವರಿಗೆ ಪ್ರಧಾನ ನಟನ ಪ್ರಶಸ್ತಿ ಕೊಟ್ಟಿತು. ಇದು ಬರೀ ಲೆಕ್ಕಾಚಾರದ ಮಾತಲ್ಲ. ಕಥೆ ಯಾರದು ಎಂಬ ಪ್ರಶ್ನೆ ಚಿತ್ರದ ಒಳಗೇ ಇದೆ. ಮೊದಲರ್ಧ ಶಾನ್‌ಬರ್ಗ್ ಧ್ವನಿಯಲ್ಲಿ ನಡೆಯುತ್ತದೆ, ಅದರಲ್ಲಿ ಪ್ರಾನ್ ಸಹಾಯಕ. ಪ್ರಾನ್ ಒಬ್ಬನೇ ಉಳಿದ ಮೇಲೆ ಅವನ ಧ್ವನಿಯೇ ಕೇಳಿಸತೊಡಗುತ್ತದೆ, ಚಿತ್ರವೂ ಅಲ್ಲಿಂದ ಬೇರೆಯೇ ಆಗುತ್ತದೆ. ಮಾತು ಕಡಿಮೆಯಾಗುತ್ತದೆ. ಕ್ರಿಸ್ ಮೆಂಜೆಸ್ ಅವರ ಕ್ಯಾಮೆರಾ ಹಸಿರು ಗದ್ದೆಗಳನ್ನು ಎಷ್ಟು ಸುಂದರವಾಗಿ ತೋರಿಸುತ್ತದೆಂದರೆ ಆ ಸೌಂದರ್ಯವೇ ಹೆದರಿಕೆ ಹುಟ್ಟಿಸುತ್ತದೆ. ಶಿಬಿರದ ಪಾಠಶಾಲೆಯಲ್ಲಿ ಕಪ್ಪುಹಲಗೆಯ ಮೇಲೆ ತಂದೆ, ತಾಯಿ, ಮಗುವಿನ ಚಿತ್ರವಿದೆ. ಒಂದು ಪುಟ್ಟ ಹುಡುಗಿ ಎದ್ದು ಬಂದು ಮಗುವನ್ನು ತಂದೆತಾಯಿಯರಿಂದ ಬೇರೆ ಮಾಡುತ್ತದೆ. ಒಂದು ಹನಿ ರಕ್ತವೂ ಇಲ್ಲದ ದೃಶ್ಯ ಅದು. ಮಕ್ಕಳಿರುವ ಯಾರೂ ಅದನ್ನು ಮರೆಯಲಾರರು.

ಇಷ್ಟು ಹೇಳಿದ ಮೇಲೆ ನನ್ನ ಆಕ್ಷೇಪಣೆಗಳನ್ನೂ ಹೇಳಬೇಕು. ಒಂದನೆಯದು, ಚಿತ್ರ ಕಾರಣಗಳ ಬಗ್ಗೆ ಜಿಪುಣತನ ತೋರಿಸುತ್ತದೆ. 1969ರಿಂದ 1973ರವರೆಗೆ ಕಾಂಬೋಡಿಯದ ಮೇಲೆ ಅಮೆರಿಕ ನಡೆಸಿದ ಬಾಂಬ್ ದಾಳಿಯನ್ನು ತೋರಿಸುವ ಧೈರ್ಯ ಅದಕ್ಕಿದೆ. ಆದರೆ ಪೋಲ್ ಪಾಟ್ ಯಾರು, ಪ್ಯಾರಿಸ್ಸಿನಲ್ಲಿ ಓದಿ ಬಂದ ಒಬ್ಬ ಮೇಷ್ಟರ ಪಕ್ಷಕ್ಕೆ ನಗರಗಳನ್ನೇ ಖಾಲಿ ಮಾಡಿಸುವ, ಹಣವನ್ನೇ ರದ್ದು ಮಾಡುವ, ಆಸ್ಪತ್ರೆಯ ರೋಗಿಗಳನ್ನು ಮಂಚ ಸಮೇತ ರಸ್ತೆಗೆ ತಳ್ಳುವ ಬುದ್ಧಿ ಎಲ್ಲಿಂದ ಬಂತು ಎಂಬುದನ್ನು ಅದು ಕೇಳುವುದಿಲ್ಲ. ಸುಮಾರು 80 ಲಕ್ಷ ಜನರಿದ್ದ ದೇಶದಲ್ಲಿ 1975ರಿಂದ 1979ರ ಆರಂಭದವರೆಗೆ 15ರಿಂದ 20 ಲಕ್ಷ ಮಂದಿ ಸತ್ತರು. ಕೊಲೆಯಿಂದ ಎಷ್ಟೋ, ಹಸಿವು ಮತ್ತು ರೋಗದಿಂದಲೂ ಅಷ್ಟೇ. ಬದುಕುಳಿದ ವೈದ್ಯರು ಐವತ್ತರ ಆಸುಪಾಸು ಎನ್ನುತ್ತಾರೆ. ಚಿತ್ರ ನೋಡಿದವರಿಗೆ ಇದೊಂದು ಹುಚ್ಚರ ಕಾಲ ಎಂಬ ಭಾವನೆ ಉಳಿಯುತ್ತದೆ. ಹುಚ್ಚು ಎಂದುಬಿಟ್ಟರೆ ವಿಚಾರ ಮಾಡುವ ಕಷ್ಟ ತಪ್ಪುತ್ತದೆ. ಆದರೆ ಅದು ಹುಚ್ಚಾಗಿರಲಿಲ್ಲ. ಲೆಕ್ಕ ಬರೆದಿಟ್ಟು, ಫೋಟೋ ತೆಗೆದಿಟ್ಟು ನಡೆಸಿದ ಆಡಳಿತ. ನಾಮ್ ಪೆನ್ ನಗರದ ಟುವೋಲ್ ಸ್ಲೆಂಗ್ ಸೆರೆಮನೆಯಲ್ಲಿ ಆ ಫೋಟೋಗಳು ಇಂದಿಗೂ ಇವೆ. ಆ ಸೆರೆಮನೆ ಮೊದಲು ಒಂದು ಹೈಸ್ಕೂಲಾಗಿತ್ತು.

ಎರಡನೆಯ ಆಕ್ಷೇಪಣೆ ಚಿತ್ರದ ಕೊನೆಯದು, ನನಗೆ ಮುಖ್ಯವಾದದ್ದೂ ಅದೇ. ನಿರಾಶ್ರಿತರ ಶಿಬಿರದಲ್ಲಿ ಗೆಳೆಯರಿಬ್ಬರೂ ಮತ್ತೆ ಸೇರುತ್ತಾರೆ. ಶಾನ್‌ಬರ್ಗ್ ಕ್ಷಮೆ ಕೇಳುತ್ತಾನೆ, ಪ್ರಾನ್ ಕ್ಷಮಿಸಲು ಏನೂ ಇಲ್ಲ ಎನ್ನುತ್ತಾನೆ, ಅಪ್ಪಿಕೊಳ್ಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಜಾನ್ ಲೆನನ್ ಅವರ ‘ಇಮ್ಯಾಜಿನ್’ ಹಾಡು ಕೇಳಿಬರುತ್ತದೆ. ಎರಡು ಗಂಟೆಗೂ ಮೀರಿ ತಡೆದು ಇಟ್ಟಿದ್ದ ಕಣ್ಣೀರು ಅಲ್ಲಿ ಕಟ್ಟೆ ಒಡೆಯುತ್ತದೆ. ನನಗೂ ಅಳು ಬಂತು, ಬಾರದವರು ಕಡಿಮೆ. ಹಾಡು ಒಳ್ಳೆಯದೇ, ಬಂದ ಜಾಗ ಸರಿಯಿಲ್ಲ.

ಮೆಡಿಕಲ್ ಕಾಲೇಜಿನಲ್ಲಿ ನಮಗೆ ಸರ್ಜರಿ ಕಲಿಸಿದ ಹಿರಿಯರು ಒಂದು ಹಳೆಯ ಪಾಠ ಹೇಳುತ್ತಿದ್ದರು. ಹೊಟ್ಟೆನೋವೆಂದು ಬಂದ ರೋಗಿಗೆ ರೋಗ ಯಾವುದೆಂದು ತಿಳಿಯುವ ಮುಂಚೆ ನೋವಿನ ಇಂಜೆಕ್ಷನ್ ಕೊಡಬೇಡ, ನೋವು ನಿಂತರೆ ರೋಗ ಅಡಗುತ್ತದೆ, ಎಂದು. ಈಗ ಸ್ಕ್ಯಾನ್‌ಗಳು ಬಂದ ಮೇಲೆ ಆಸ್ಪತ್ರೆಗಳಲ್ಲಿ ಆ ನಿಯಮ ಉಳಿದಿಲ್ಲ, ರೋಗಿಯನ್ನು ನೋವಿನಲ್ಲಿ ಬಿಡುವುದು ಸರಿಯೂ ಅಲ್ಲ. ಆದರೆ ಚಿತ್ರಮಂದಿರದಲ್ಲಿ ಕೂತವನು ರೋಗಿಯಲ್ಲ. ಅವನ ನೋವನ್ನು ಅಷ್ಟು ಬೇಗ ಇಳಿಸುವ ಅವಸರವೇನಿರಲಿಲ್ಲ. ಆ ಹಾಡು ಕೊಡುವುದು ಅಂಥ ಒಂದು ಇಂಜೆಕ್ಷನ್. ಇಬ್ಬರು ಗೆಳೆಯರು ಸೇರಿದರು, ನಾವು ಅತ್ತೆವು, ಮನಸ್ಸು ಹಗುರವಾಯಿತು, ಕಾರಿನ ಕಡೆ ನಡೆದೆವು. ನಮ್ಮ ಹಿರಿಯರು ಕರುಣವನ್ನೂ ರಸವೆಂದೇ ಕರೆದರು. ಅದರಲ್ಲೂ ಆಸ್ವಾದವಿದೆ ಎಂದು ಅವರಿಗೆ ಗೊತ್ತಿತ್ತು. ನಾಟಕಕ್ಕೆ ಅದು ಸರಿ. ಸತ್ತವರ ಮನೆಯವರು ಇನ್ನೂ ಜೀವಂತ ಇರುವಾಗ ಆ ಆಸ್ವಾದದ ಬಗ್ಗೆ ಸ್ವಲ್ಪ ಎಚ್ಚರ ಬೇಕು.

ಈ ಮಾತಿಗೆ ಆಧಾರವಿದೆ. 1984ರಲ್ಲಿ ಜನ ಈ ಚಿತ್ರ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, ವಿಶ್ವಸಂಸ್ಥೆಯಲ್ಲಿ ಕಾಂಬೋಡಿಯದ ಕುರ್ಚಿಯಲ್ಲಿ ಕೂತಿದ್ದದ್ದು ಖ್ಮೇರ್ ರೂಜ್ ಸೇರಿದ್ದ ಒಕ್ಕೂಟವೇ. ವಿಯೆಟ್ನಾಂ ಸೈನ್ಯ 1979ರ ಜನವರಿಯಲ್ಲಿ ಅವರನ್ನು ಓಡಿಸಿತ್ತು. ಆದರೆ ವಿಯೆಟ್ನಾಂ ಮೇಲಿನ ಸಿಟ್ಟಿಗೆ ಅಮೆರಿಕ, ಬ್ರಿಟನ್, ಚೀನಾ ಎಲ್ಲವೂ ಓಡಿಹೋದವರ ಪಕ್ಷವನ್ನೇ ಹಿಡಿದಿದ್ದವು. ನಾಮ್ ಪೆನ್‌ನ ಹೊಸ ಸರ್ಕಾರಕ್ಕೆ 1980ರಲ್ಲೇ ಮಾನ್ಯತೆ ಕೊಟ್ಟ ಕೆಲವೇ ದೇಶಗಳಲ್ಲಿ ಭಾರತವೂ ಒಂದು. ಚಿತ್ರ ತೆಗೆದ ದೇಶದವರೂ ಅದಕ್ಕೆ ಆಸ್ಕರ್ ಕೊಟ್ಟ ದೇಶದವರೂ ಒಂದು ಕಡೆ ಅಳುತ್ತ, ಇನ್ನೊಂದು ಕಡೆ ಅದೇ ಕುರ್ಚಿಗೆ ಕೈ ಎತ್ತುತ್ತಿದ್ದರು. ಕಣ್ಣೀರಿಗೂ ಆ ಕೈಗೂ ಸಂಬಂಧವೇ ಏರ್ಪಡಲಿಲ್ಲ.

ಹಾಗೆಂದು ಚಿತ್ರದಿಂದ ಏನೂ ಆಗಲಿಲ್ಲ ಎಂದರೆ ಅನ್ಯಾಯ. ಆ ಗದ್ದೆಗಳಿಗೆ ‘ಕಿಲ್ಲಿಂಗ್ ಫೀಲ್ಡ್ಸ್’ ಎಂದು ಹೆಸರಿಟ್ಟವರು ಡಿತ್ ಪ್ರಾನ್. ಆ ಎರಡು ಪದಗಳನ್ನು ಲೋಕದ ಬಾಯಿಗೆ ತಂದದ್ದು ಈ ಚಿತ್ರ. ಪ್ರಾನ್ ಮತ್ತು ಡಾ. ನೋರ್ ಇಬ್ಬರಿಗೂ ಮಾತಾಡಲು ವೇದಿಕೆ ಸಿಕ್ಕಿತು, ಇಬ್ಬರೂ ಕೊನೆಯವರೆಗೆ ಅದನ್ನು ಬಳಸಿದರು. ಖ್ಮೇರ್ ರೂಜ್ ಅಪರಾಧಗಳಿಗೆ ನ್ಯಾಯ ಬೇಕೆಂದು 1994ರಲ್ಲಿ ಅಮೆರಿಕ ಒಂದು ಕಾನೂನನ್ನೇ ಮಾಡಿತು. ವಿಶ್ವಸಂಸ್ಥೆಯ ನೆರವಿನ ನ್ಯಾಯಾಲಯ ಕೆಲಸ ಆರಂಭಿಸಿದ್ದು 2006ರಲ್ಲಿ. ಟುವೋಲ್ ಸ್ಲೆಂಗ್ ಅಧಿಕಾರಿಗೆ 2010ರಲ್ಲಿ ಶಿಕ್ಷೆಯಾಯಿತು. ಜನಾಂಗಹತ್ಯೆ ಎಂಬ ತೀರ್ಪು ಬರಲು 2018 ಆಗಬೇಕಾಯಿತು. ಇನ್ನು ಪೋಲ್ ಪಾಟ್ 1998ರ ಏಪ್ರಿಲ್‌ನಲ್ಲಿ ಆ ನ್ಯಾಯಾಲಯವನ್ನು ಕಾಣದೆಯೇ ಸತ್ತಿದ್ದ. ಚಿತ್ರದಿಂದ ತೀರ್ಪಿನವರೆಗೆ 34 ವರ್ಷ. ಅಷ್ಟು ವರ್ಷ ಉಳಿಯುವುದು ಕಣ್ಣೀರಲ್ಲ, ಹಟ.

ಡಾ. ನೋರ್ ಅದನ್ನು ನೋಡಲು ಇರಲಿಲ್ಲ. 1996ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್‌ನ ಅವರ ಮನೆಯ ಎದುರಲ್ಲೇ ದರೋಡೆಗೆ ಬಂದ ಹುಡುಗರ ಗುಂಡಿಗೆ ಬಲಿಯಾದರು. ಹೆಂಡತಿಯ ಚಿತ್ರವಿದ್ದ ಚಿನ್ನದ ಪದಕವೊಂದನ್ನು ಅವರು ಸದಾ ಕತ್ತಿನಲ್ಲಿ ಧರಿಸುತ್ತಿದ್ದರು, ಅದು ಮತ್ತೆ ಸಿಗಲಿಲ್ಲ. ಡಿತ್ ಪ್ರಾನ್ 2008ರಲ್ಲಿ, ಶಾನ್‌ಬರ್ಗ್ 2016ರಲ್ಲಿ ತೀರಿಕೊಂಡರು.

ಇನ್ನೊಂದು ಬಗೆಯ ನೋಡುಗರ ಬಗ್ಗೆ ಹೇಳದಿದ್ದರೆ ಈ ವಿಮರ್ಶೆ ಅರ್ಧವಾಗುತ್ತದೆ. ಇದೆಲ್ಲವನ್ನೂ ಪರದೆಯ ಮೇಲಲ್ಲ, ಎದುರಿಗೇ ನೋಡಿದವರು ಅವರು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸುತ್ತಮುತ್ತ ಕಾಂಬೋಡಿಯದವರು ಬಹಳ ಮಂದಿ ನೆಲೆಸಿದ್ದಾರೆ. 1980ರ ದಶಕದಲ್ಲಿ ಅಲ್ಲಿಯ ಕಣ್ಣಿನ ತಜ್ಞರ ಹತ್ತಿರ ನೂರಕ್ಕೂ ಹೆಚ್ಚು ಕಾಂಬೋಡಿಯನ್ ಹೆಂಗಸರು ದೃಷ್ಟಿ ಮಂಜಾಗಿದೆ, ಏನೂ ಕಾಣುವುದಿಲ್ಲ ಎಂದು ಬಂದರು. ಕಣ್ಣು ಸರಿಯಿತ್ತು. ಕಂಡದ್ದು ಮಿದುಳಿಗೆ ತಲುಪುತ್ತಿದೆ ಎಂದು ವಿದ್ಯುತ್ ಪರೀಕ್ಷೆಗಳೂ ಹೇಳಿದವು. ಆದರೂ ಕಾಣುತ್ತಿರಲಿಲ್ಲ. ಅವರು ನಾಟಕವಾಡುತ್ತಿರಲಿಲ್ಲ. ಗಂಡ ಮಕ್ಕಳ ಸಾವನ್ನು ಕಣ್ಣಾರೆ ಕಂಡವರು, ಕಂಡರೂ ಅಳಲು ಅನುಮತಿ ಇಲ್ಲದಿದ್ದವರು. ಎಷ್ಟೋ ಶಿಬಿರಗಳಲ್ಲಿ ಸತ್ತವರಿಗಾಗಿ ಅಳುವುದೇ ಅಪರಾಧವಾಗಿತ್ತು. ಅವರಿಗೆ ಅಳುವ ಸ್ವಾತಂತ್ರ್ಯವೂ ಇರಲಿಲ್ಲ, ನಮಗೆ ಅಳು ಟಿಕೆಟ್ಟಿನ ಜೊತೆ ಸಿಗುತ್ತದೆ.

ಇಂಥವರಿಗೆ ಪರದೆ ಏನು ಮಾಡಬಲ್ಲದು ಎಂಬುದಕ್ಕೂ ಒಂದು ಉದಾಹರಣೆ ಇದೆ. 2001ರ ಸೆಪ್ಟೆಂಬರ್ 11ರ ದೃಶ್ಯಗಳು ಟಿ.ವಿ.ಯಲ್ಲಿ ಮತ್ತೆ ಮತ್ತೆ ಬಂದಾಗ, ಆರೆಗನ್ ರಾಜ್ಯದಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹಲವು ದೇಶಗಳ ನಿರಾಶ್ರಿತರಲ್ಲಿ ಹಳೆಯ ದುಃಸ್ವಪ್ನಗಳು ಮರುಕಳಿಸಿದ್ದನ್ನು ಅಲ್ಲಿಯ ಮನೋವೈದ್ಯರು ದಾಖಲಿಸಿದ್ದಾರೆ. ಒಂದೇ ಚಿತ್ರ ಒಬ್ಬರಿಗೆ ಸುದ್ದಿ, ಒಬ್ಬರಿಗೆ ವ್ಯಥೆ, ಇನ್ನೊಬ್ಬರಿಗೆ ವರ್ಷಗಟ್ಟಲೆ ಮುಚ್ಚಿಟ್ಟ ಗಾಯ. ಆದ್ದರಿಂದ ಕಾಂಬೋಡಿಯದ ನೆರೆಯವರನ್ನೋ ಸಹೋದ್ಯೋಗಿಯನ್ನೋ ಈ ಚಿತ್ರ ನೋಡಲು ಉತ್ಸಾಹದಿಂದ ಕರೆಯುವ ಮುನ್ನ ಎರಡು ಸಲ ಯೋಚಿಸಿ. ನಮಗದು ತಿಳಿವಳಿಕೆ, ಅವರಿಗೆ ಹಾಗಿರಲಿಕ್ಕಿಲ್ಲ.

ಕೊನೆಗೆ, ನಮ್ಮ ಮನೆಗಳಲ್ಲಿ ಇದನ್ನು ನೋಡಬಹುದೇ? ಖಂಡಿತ ನೋಡಬೇಕು. ಹಿಂಸೆಯ ಕಾರಣಕ್ಕೆ ಇಲ್ಲಿ ಇದಕ್ಕೆ ‘ಆರ್’ ಎಂಬ ವರ್ಗ ಕೊಟ್ಟಿದ್ದಾರೆ, ಚಿಕ್ಕ ಮಕ್ಕಳಿಗೆ ಬೇಡ. ಹೈಸ್ಕೂಲ್ ಓದುವ ಮಕ್ಕಳಿದ್ದರೆ ಅವರ ಜೊತೆ ಕೂತು ನೋಡಿ, ಅವರನ್ನು ಒಬ್ಬರೇ ಬಿಡಬೇಡಿ. ಇಂದಿನ ಮಕ್ಕಳು ದಿನ ಬೆಳಗಾದರೆ ಫೋನಿನಲ್ಲಿ ಯಾವುದೋ ಯುದ್ಧದ ಮೂವತ್ತು ಸೆಕೆಂಡಿನ ತುಣುಕು ನೋಡಿ, ಒಂದು ಅಳುವ ಮುಖದ ಗುರುತು ಒತ್ತಿ ಮುಂದೆ ಹೋಗುತ್ತಾರೆ. ದೊಡ್ಡವರಾದ ನಾವೂ ಬೇರೆಯಲ್ಲ. ಒಬ್ಬ ಮನುಷ್ಯನ ಭಯದ ಜೊತೆ ಎರಡು ಗಂಟೆ ಇಪ್ಪತ್ತು ನಿಮಿಷ ಅಲುಗಾಡದೆ ಕೂರುವ ಅಭ್ಯಾಸ ಅವರಿಗೂ ಬೇಕು, ನಮಗೂ ಬೇಕು.

ನನ್ನದೊಂದು ಸಲಹೆ. ಕೊನೆಯಲ್ಲಿ ಹಾಡು ಶುರುವಾದ ಕೂಡಲೇ ಟಿ.ವಿ.ಯ ಧ್ವನಿ ತಗ್ಗಿಸಿಬಿಡಿ. ಹಾಡಿಲ್ಲದೆ ಆ ಮುಖವನ್ನು ನೋಡಿ. ಆಮೇಲೆ ದೀಪ ಹಾಕಿ ಮಕ್ಕಳನ್ನು ಒಂದು ಪ್ರಶ್ನೆ ಕೇಳಿ: ಪ್ರಾನ್ ಹಿಂದೆ ಉಳಿದದ್ದು ಯಾಕೆ? ಅವರು ಕೊಡುವ ಉತ್ತರ ನಿಮಗೆ ಒಪ್ಪಿಗೆಯಾಗದಿರಬಹುದು. ಕಾಫಿ ಇಟ್ಟುಕೊಂಡು ಆ ವಾದವನ್ನು ಮುಂದುವರಿಸಿ, ಬೇಗ ಮುಗಿಸಬೇಡಿ.

ಇನ್ನು ವೈದ್ಯಮಿತ್ರರಿಗೆ ಒಂದು ಮಾತು. ನಿಮ್ಮ ಕ್ಲಿನಿಕ್ಕಿಗೆ ವಯಸ್ಸಾದ ಕಾಂಬೋಡಿಯನ್ ಹೆಂಗಸು ತಲೆನೋವು, ನಿದ್ರೆಯಿಲ್ಲ ಎಂದು ಮೂರನೆಯ ಸಲ ಬಂದರೆ, ಮಾತ್ರೆ ಬರೆಯುವ ಮುಂಚೆ ನೀವು ಯಾವ ವರ್ಷ ಈ ದೇಶಕ್ಕೆ ಬಂದಿರಿ ಎಂದು ಕೇಳಿ. ಕೇಳಿ ಸುಮ್ಮನಿರಿ. ಉತ್ತರ ಬರಲು ಹೊತ್ತಾಗುತ್ತದೆ.